ನಿಂತವರ ಚರಿತ್ರೆ ಬರೆದವರು

ಚಂದ್ರಯ್ಯ ಮೇಷ್ಟ್ರು ತಮ್ಮ ಅಣ್ಣನ ಬಗ್ಗೆ “ಅವನೂ ನಿಂತಿದಾನೆ” ಎಂಬರ್ಥದ ಮಾತನ್ನು ನಿಜವಾಗಿ ಆಡಿದರೋ, ಆಮೇಲೆ ನಾನೇ ಅವರ ಬಾಯಿಗೆ ತುಂಬಿದೆನೋ ಖಚಿತವಿಲ್ಲ. ಅವರು ಯಾವ ಮನೆಗೆ ಹೋದರೂ ಬಾಗಿಲಲ್ಲೇ ನಿಂತು, ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಎಂದು ಒಮ್ಮೆ ಕಣ್ಣಾಡಿಸುತ್ತಿದ್ದುದು ಮಾತ್ರ ನಿಜ. “ಅಷ್ಟು ನೋಡ್ಕೊಂಡ್ರೆ ಅರ್ಧ ಇತಿಹಾಸ ಗೊತ್ತಾದಂಗೆ ಮಾರಾಯ,” ಎನ್ನುತ್ತಿದ್ದರು.

ಮೂಡಿಗೆರೆಯ ಕಾಲೇಜಿನಲ್ಲಿ ಅವರು ನಮಗೆ ಇತಿಹಾಸ ಕಲಿಸಿದರು. ಓದಿದ್ದು, ಬರೆದದ್ದು ಎಲ್ಲ ಪ್ರಾಚೀನ ರೋಮಿನ ಸಿರಿವಂತರ ಬಗ್ಗೆ. ಅಲ್ಲಿಗೆ ಎಂದೂ ಹೋದವರಲ್ಲ. ದೂರದ ಗ್ರಂಥಾಲಯಗಳಿಂದ ಟಪಾಲಿನಲ್ಲಿ ಬರುವ ಜೆರಾಕ್ಸ್ ಹಾಳೆಗಳೇ ಅವರ ರೋಮ್. ಸ್ಟಾಫ್ ರೂಮಿನಲ್ಲಿ ಯಾರಾದರೂ, “ನಿಮ್ ರೋಮಿಗೆ ಲಾಸ್ಟ್ ಬಸ್ ಎಷ್ಟೊತ್ತಿಗೆ ಮೇಷ್ಟ್ರೇ?” ಎಂದು ಕೆಣಕಿದರೆ, “ಬಸ್ಸೇನೋ ಇದೆ, ಜೊತೆಗೆ ಬರೋರಿಲ್ಲ,” ಎನ್ನುವರು.

ತೊಂಬತ್ತರ ದಶಕದ ಒಂದು ಬೆಳಿಗ್ಗೆ ನಮ್ಮನ್ನು ಗೋಣಿಬೀಡಿನ ಹತ್ತಿರದ ಎಸ್ಟೇಟೊಂದಕ್ಕೆ ಕರೆದೊಯ್ದರು. ಅವರ ಅಣ್ಣ ಅಲ್ಲಿ ಹಾಜರಿ ಬರೆಯುವ ರೈಟರ್. ಕೆಲಸಕ್ಕೆ, ರಜೆ ಕೇಳಲು, ಮದುವೆಗೆ ಕರೆಯಲು ಬಂದವರೆಲ್ಲ ಬಂಗಲೆಯ ಮುಂದೆ ನಿಂತಿದ್ದರು. ರೋಮಿನಲ್ಲೂ ಬೆಳಗಾದರೆ ಜನ ಹೀಗೇ ದೊಡ್ಡವರ ಬಾಗಿಲಿಗೆ ಬಂದು ಮುಖ ತೋರಿಸಬೇಕಿತ್ತು ಎಂದು ಮೇಷ್ಟ್ರು ಪಾಠ ಶುರುಮಾಡಿದರು. ಮಾಲೀಕರು ಜಗಲಿಗೆ ಬಂದು ನಕ್ಕರು.

“ಏನ್ ಮೇಷ್ಟ್ರೇ, ನಮ್ಮಂಗಳದಲ್ಲಿ ರೋಮ್ ಹುಡುಕ್ತಿದೀರಾ?”

“ಹುಡುಕೋದೇನ್ ಬಂತು ಗೌಡ್ರೇ, ಇಲ್ಲೇ ನಿಂತಿದೆಯಲ್ಲ. ನಮ್ಮಣ್ಣನೂ ನಿಂತಿದಾನೆ.”

ಅಣ್ಣ ಹಾಜರಿ ಪುಸ್ತಕದಿಂದ ತಲೆಯೆತ್ತಲಿಲ್ಲ. ನಾವು ಹೊರಟಾಗ ಗೇಟಿನ ತನಕ ಬಂದು, “ನಿಂಗೆ ಪಾಠ, ನಂಗೆ ಹೊಟ್ಟೆಪಾಡು. ಇನ್ ನಮ್ಮನೆ ಕಡೆ ಬರ್ಬೇಡ,” ಎಂದರು. ಮೇಷ್ಟ್ರು ಮದುವೆಯಾದವರಲ್ಲ. ಅಲ್ಲಿಂದ ಮುಂದೆ ಹಬ್ಬಕ್ಕೂ ಬಾಡಿಗೆ ಕೋಣೆಯಲ್ಲೇ ಇರುತ್ತಿದ್ದರು.

ಮೂವತ್ತು ವರ್ಷದ ಕೆಲಸ ಕೊನೆಗೆ ಚಿಕ್ಕಮಗಳೂರಿನ ಒಂದು ಹಳೆಯ ಪ್ರೆಸ್ಸಿನಲ್ಲಿ ಪುಸ್ತಕವಾಯಿತು. ನಾನಾಗ ಎಂ.ಎ. ಮುಗಿಸಿ, ಯಾವ ಕೆಲಸದಲ್ಲೂ ನಿಲ್ಲದೆ, ಎಲ್ಲರ ಮಾತನ್ನೂ ಅನುಮಾನಿಸುತ್ತ ತಿರುಗುತ್ತಿದ್ದೆ. ಮೇಷ್ಟ್ರು ಒಂದು ಪ್ರತಿ ಕೈಗಿಟ್ಟರು. “ಬಾಗಿಲಲ್ಲಿ ನಿಂತವರ ಕತೆ ಮೂರನೇ ಅಧ್ಯಾಯದಲ್ಲಿದೆ. ಓದಿ ಬೈಯೋ. ಒಬ್ರಾದ್ರೂ ಓದಿ ಬೈಬೇಕು.”

ಮರುವರ್ಷ ಗೋಣಿಬೀಡಿನಲ್ಲಿ ಬಸ್ಸಿಗೆ ಕಾಯುತ್ತ ಸಿಕ್ಕರು. ಅದೇ ಕೊನೆಯ ಭೇಟಿ.

“ಓದಿದ್ಯಾ?”

“ಓದಿದೆ ಸಾರ್. ತುಂಬಾ ಚೆನ್ನಾಗಿದೆ.”

“ಬೈಯೋ ಅಂಥದ್ದು ಏನೂ ಸಿಗ್ಲಿಲ್ವಾ?”

“ಇಲ್ಲ ಸಾರ್.”

ನನ್ನ ಮುಖ ನೋಡಿದರು. ಬಸ್ಸು ಬಂದಾಗ ಹತ್ತಿ ಹೋದರು. ಎರಡು ಮಳೆಗಾಲ ಕಳೆದ ಮೇಲೆ ತೀರಿಕೊಂಡರೆಂದು ಗೊತ್ತಾಯಿತು.

ನಾನು ಓದಿದ್ದೆನೆಂದೇ ಇಷ್ಟು ಕಾಲ ನಂಬಿದ್ದೆ. ಒಂದೆರಡು ವಾಕ್ಯ ನೆನಪಿರುವಂತೆಯೂ ಅನ್ನಿಸುತ್ತಿತ್ತು. ಇದನ್ನು ಬರೆಯುವ ಮುನ್ನ ಪುಸ್ತಕ ಹುಡುಕಿ ತೆಗೆದೆ. ಆ ಪ್ರೆಸ್ಸಿನವರು ಮಡಿಸಿದ ಹಾಳೆಗಳ ಅಂಚು ಕತ್ತರಿಸದೆಯೇ ಹೊಲಿದುಬಿಡುತ್ತಿದ್ದರು, ಓದುವವರೇ ಬ್ಲೇಡಿನಿಂದ ಸೀಳಿ ಬಿಡಿಸಿಕೊಳ್ಳಬೇಕು. ಮೂರನೇ ಅಧ್ಯಾಯದ ಒಂದು ಹಾಳೆಯನ್ನೂ ಬಿಡಿಸಿಲ್ಲ.