ಬಾಯಾರಿದ ಮರಳು

ಮೂರು ವರ್ಷದ ಹಿಂದಿನ ಬೇಸಿಗೆ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಾನೂ ನನ್ನ ಯಜಮಾನರೂ ಕಟ್ಟಡ ಸಾಮಗ್ರಿ ಪರೀಕ್ಷಿಸುವ ಸಣ್ಣ ಲ್ಯಾಬ್ ನಡೆಸುತ್ತಿದ್ದೆವು. ಇಬ್ಬರದೂ ಸಿವಿಲ್ ಡಿಪ್ಲೊಮಾ. ಸಿಮೆಂಟು, ಮರಳು, ಜಲ್ಲಿ, ನೀರು ಯಾವ ಪ್ರಮಾಣದಲ್ಲಿ ಸೇರಬೇಕೆಂದು ಲೆಕ್ಕ ಹಾಕುವ ಮಿಕ್ಸ್ ಡಿಸೈನ್ ನನ್ನ ಪಾಲಿಗೆ. ಸ್ಯಾಂಪಲ್ ತರುವುದು, ಕಲಸುವುದು, ಆಮೇಲೆ ಒತ್ತಿ ಒಡೆದು ಬಲ ನೋಡಲು ಕಾಂಕ್ರೀಟಿನ ಕ್ಯೂಬ್ ಹೊಯ್ಯುವುದು ಅವರ ಪಾಲಿಗೆ.

ಆ ಗುರುವಾರ ಎಂದಿನಂತೆಯೇ ಇತ್ತು. ಹರಿಹರದ ಒಂದು ಬಡಾವಣೆಗೆ ನೆಲಮಟ್ಟದಲ್ಲಿ ಕುಡಿಯುವ ನೀರಿನ ಟ್ಯಾಂಕ್ ಕಟ್ಟುವವರಿದ್ದರು. ಹೊಳೆ ಮರಳು ಸಿಗದೆ, ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬಳಸುವುದೆಂದು ತೀರ್ಮಾನವಾಗಿತ್ತು. ಇವರು ಬೆಳಿಗ್ಗೆಯೇ ಆನಗೋಡಿನ ಕಡೆಯ ಕ್ರಷರ್‌ಗೆ ಹೋಗಿ, ಗುಡ್ಡೆಯೊಳಗೆ ಮೊಣಕೈವರೆಗೆ ಕೈ ಹಾಕಿ ಸ್ಯಾಂಪಲ್ ತೆಗೆದು ತಂದರು. ಕಲಸುವಾಗ ನೀರಿನ ಲೆಕ್ಕ ಮತ್ತೆ ಮತ್ತೆ ತಿದ್ದಬೇಕಾಯಿತು.

“ಈ ಮರಳಿಗೆ ಬಾಯಾರಿಕೆ ಭಾಳ ಐತೆ ಗೀತಾ. ನಿನ್ನ ತಮ್ಮನಂಗೆ, ಎಷ್ಟು ಚಾ ಕೊಟ್ರೂ ಇನ್ನೊಂದ್ ಲೋಟ ಅಂತೈತೆ,” ಎಂದರು.

“ನಮ್ಮ ತಮ್ಮನ ಸುದ್ದಿಗೆ ಬರಬ್ಯಾಡ್ರಿ,” ಎಂದೆ.

ಸಂಜೆ ಹಸಿ ಕ್ಯೂಬ್‌ಗಳ ಮೇಲೆ ಮೊಳೆಯಿಂದ ಗುರುತು ಗೀಚಿ, ಮಂಡಕ್ಕಿ ಕಟ್ಟಿಸಿಕೊಂಡು ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಲ್ಯಾಬಿಗೆ ಹೋಗಿ ಅಚ್ಚು ಬಿಚ್ಚಿ, ಆ ಕ್ಯೂಬ್‌ಗಳನ್ನು ನೀರಿನ ತೊಟ್ಟಿಗೆ ಇಳಿಸಿದವನು ಅದೇ ತಮ್ಮ.

ಮಾತಾಡಿಸಿಕೊಂಡು ಹೋಗಲು ಬಂದ ಟ್ಯಾಂಕಿನ ಗುತ್ತಿಗೆದಾರ ಸಿದ್ದೇಶಣ್ಣ ಹೊರಡುವಾಗ ಹೇಳಿದರು: “ಡಿಸೈನ್ ಚಿಂತೆ ಬಿಡವ್ವ. ನಮ್ಮ ಮೇಸ್ತ್ರಿ ಹಳೇ ಅಳತೇಲೇ ಮಾಡ್ತಾನೆ. ಸಿಮೆಂಟ್ ಒಂದ್ ಚೂರು ಜಾಸ್ತಿ ಹಾಕಿದ್ರಾತು.”

ಅವರು ಹೇಳಿದ್ದು ಕನಿಕರದಿಂದಲೇ. ಆದರೆ ಸಿಮೆಂಟ್ ಹೆಚ್ಚಿಸಿದಷ್ಟೂ ಕಾಂಕ್ರೀಟ್ ಒಳಗೊಳಗೇ ಬಿಸಿಯಾಗಿ, ಆರುವಾಗ ಕುಗ್ಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಮನೆಯ ಗೋಡೆಗಾದರೆ ನಡೆದೀತು, ನೀರು ನಿಲ್ಲಿಸುವ ಗೋಡೆಗೆ ನಡೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದು ನಾವಿಬ್ಬರೂ ಸೇರಿ ಮಾಡಿದ ಕೊನೆಯ ಡಿಸೈನ್. ಅದು ಕಾಗದದಲ್ಲೇ ಉಳಿಯುವುದು ನನಗೆ ಬೇಡವಾಗಿತ್ತು. ಕ್ಯೂಬ್ ಒಡೆಯುವ ತನಕ ಕಾಯಿರಿ ಎಂದು ಕೇಳಿಕೊಂಡೆ. ಒಪ್ಪಿದರು.

ಟ್ಯಾಂಕಿಗೆ ಬೇಕಿದ್ದುದು ಎಂ-30 ಕಾಂಕ್ರೀಟ್. ಎಂದರೆ ಇಪ್ಪತ್ತೆಂಟು ದಿನದ ಕ್ಯೂಬ್ ಪ್ರತಿ ಚದರ ಮಿಲಿಮೀಟರಿಗೆ 30 ನ್ಯೂಟನ್ ಒತ್ತಡ ತಾಳಬೇಕು. ಸೈಟಿನಲ್ಲಿ ಹೆಚ್ಚುಕಮ್ಮಿ ಆಗುತ್ತದೆಂದು ಲ್ಯಾಬಿನಲ್ಲಿ ನಾವು 38ರ ಮೇಲೆ ಗುರಿ ಇಡುತ್ತೇವೆ. ಆ ದಿನ ಕ್ಯೂಬ್ ಎತ್ತಿ ಮಷೀನಿನಲ್ಲಿಟ್ಟಾಗ ಮೊಳೆಯ ಗೀಚು ಹಾಗೇ ಇತ್ತು. ಒತ್ತಡ ಏರುತ್ತಾ ಹೋಯಿತು. ಒಡೆಯಲಿ ಎಂದೂ ಅನ್ನಿಸಿತು, ಒಡೆಯುವುದು ಬೇಡ ಎಂದೂ ಅನ್ನಿಸಿತು. ನಲವತ್ತು ದಾಟಿದ ಮೇಲೆಯೇ ಒಡೆಯಿತು. ಉಳಿದವೂ ಹಾಗೆಯೇ.

ತಳದ ಸ್ಲ್ಯಾಬ್ ಹಾಕುವ ದಿನ ಹರಿಹರದ ಸೈಟಿಗೆ ನಾನೇ ಹೋದೆ. ಮಿಕ್ಸರ್‌ನಿಂದ ಬಂದ ಮೊದಲ ಕಾಂಕ್ರೀಟ್ ಗಟ್ಟಿಯಾಗಿತ್ತು. ಸ್ಲಂಪ್ ಎಂದರೆ, ಲೋಹದ ಶಂಕುವಿನಲ್ಲಿ ತುಂಬಿದ ಕಾಂಕ್ರೀಟ್ ಶಂಕು ಎತ್ತಿದಾಗ ಎಷ್ಟು ಕುಸಿಯುತ್ತದೆ ಎಂಬ ಅಳತೆ. ಇದು ಕುಸಿಯಲೇ ಇಲ್ಲ. ಮೇಸ್ತ್ರಿ ಹನುಮಂತಪ್ಪ ಆಗಲೇ ನೀರಿನ ಪೈಪ್ ಹಿಡಿದಿದ್ದ.

“ನೀರು ಬಿಡಬ್ಯಾಡ್ರಿ,” ಎಂದೆ. ಅಳತೆಯಿಲ್ಲದೆ ನೀರು ಬಿಟ್ಟರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ.

“ಅಕ್ಕಾರೆ, ಇದೇನ್ ರೊಟ್ಟಿ ಬಡಿಯೋ ಹಿಟ್ಟೇನ್ರಿ? ಕಬ್ಬಿಣದ ಸಂದಿಗೆ ಹೆಂಗ್ ಇಳಿಸ್ಲಿ?”

ಸಿದ್ದೇಶಣ್ಣ ನನ್ನ ಮುಖ ನೋಡಿದರು. ಹಳೇ ಅಳತೆ ಎಂಬ ಮಾತು ಅವರ ಬಾಯಿಗೆ ಬಂದೇಬಿಟ್ಟಿತ್ತು. ನಾನು ಮರಳಿನ ಗುಡ್ಡೆಗೆ ಹೋಗಿ ಒಂದು ಮುಷ್ಟಿ ಹಿಡಿದು ಬಿಚ್ಚಿದೆ. ಉಂಡೆ ನಿಲ್ಲದೆ ಬೆರಳ ಸಂದಿಯಿಂದ ಸೋರಿಹೋಯಿತು. ಇವರು ತಂದದ್ದು ಗುಡ್ಡೆಯ ಒಡಲಿನ ತಂಪು ಮರಳು, ಇದು ದಿನಗಟ್ಟಲೆ ಬಿಸಿಲಲ್ಲಿ ಒಣಗಿದ ಮರಳು. ಸಿಮೆಂಟಿಗೆಂದು ಕೊಟ್ಟ ನೀರನ್ನು ಮೊದಲು ಇದೇ ಕುಡಿಯುತ್ತಿತ್ತು. ಆ ಗುರುವಾರದ ಮಾತು ನೆನಪಾಯಿತು.

ಕೆಲಸ ನಿಲ್ಲಿಸಿ, ಮರಳನ್ನು ಬಾಣಲೆಯಲ್ಲಿ ಹುರಿದು ತೂಗಿ ಅದರಲ್ಲಿದ್ದ ತೇವ ಕಂಡುಹಿಡಿದೆ. ಕೊರತೆಯಷ್ಟೇ ನೀರನ್ನು ಮೊದಲು ಮರಳಿಗೆ ಕುಡಿಸಿ, ಆಮೇಲೆ ಸಿಮೆಂಟ್ ಹಾಕಿಸಿದೆ. ಎರಡನೇ ಸಲ ಶಂಕು ಎತ್ತಿದಾಗ ಕಾಂಕ್ರೀಟ್ ಬೇಕಾದಷ್ಟೇ ಕುಸಿದು ನಿಂತಿತು.

“ನಾನೂ ನೀರು ಹಾಕು ಅಂತಲೇ ಅಂದಿದ್ನಲ್ಲೇನ್ರಿ,” ಎಂದ ಹನುಮಂತಪ್ಪ.

“ನೀವು ಸಿಮೆಂಟಿಗೆ ಹಾಕ್ತಿದ್ರಿ. ನಾನು ಮರಳಿಗೆ ಹಾಕ್ದೆ.”

ಅವನು ನಕ್ಕುಬಿಟ್ಟ. ಅಂದಿನಿಂದ ಕೆಲಸದ ಹಿಂದಿನ ಸಂಜೆ ಗುಡ್ಡೆಗೆ ನೀರು ಹೊಡೆದು ತಾಡಪಾಲು ಹೊದಿಸುವುದು ಅವನದೇ ಕೆಲಸವಾಯಿತು. “ಮರಳಿಗೆ ಚಾ ಕುಡಿಸ್ದೆ ಅಕ್ಕಾರೆ,” ಎಂದು ಫೋನ್ ಮಾಡುತ್ತಿದ್ದ. ಚಾದ ಮಾತು ಇವರದೆಂದು ನಾನೇ ಒಮ್ಮೆ ಹೇಳಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಟ್ಯಾಂಕ್ ಎದ್ದು ನಿಂತಿತು. ಅಂಚಿನವರೆಗೆ ನೀರು ತುಂಬಿ ಒಂದು ವಾರ ಬಿಟ್ಟರು. ಎಂಟನೇ ದಿನ ನಾನು, ಸಿದ್ದೇಶಣ್ಣ, ಹನುಮಂತಪ್ಪ ಮೂವರೂ ಗೋಡೆ ಸವರುತ್ತಾ ಒಂದು ಸುತ್ತು ಬಂದೆವು. ಎಲ್ಲೂ ಒಂದು ಹನಿ ಜಿನುಗಿರಲಿಲ್ಲ. ಸಿದ್ದೇಶಣ್ಣ ಒದ್ದೆಯಾಗದ ಅಂಗೈಯನ್ನು ನನ್ನ ಮುಂದೆ ಹಿಡಿದು, “ಮುಂದಿನ ಟ್ಯಾಂಕಿಗೂ ನಿಮ್ಮದೇ ಡಿಸೈನ್,” ಎಂದರು. ಕೆಲಸಗಾರರಿಗೆಲ್ಲ ಅವತ್ತು ಮಂಡಕ್ಕಿ ಮಿರ್ಚಿ.

ಕಾಗದದ ಮೇಲಿನ ಪ್ರಮಾಣ ಸರಿಯಿದ್ದರೂ, ಇವತ್ತಿನ ಬಿಸಿಲಲ್ಲಿ ಇವತ್ತಿನ ಮರಳು ಹೇಗಿದೆ ಎಂದು ಮುಟ್ಟಿ ನೋಡಲೇಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು. ಈಗ ಪ್ರತಿ ಗುಡ್ಡೆಯಿಂದಲೂ ಮೇಲಿನದೊಂದು, ಒಡಲಿನದೊಂದು ಮುಷ್ಟಿ ತೆಗೆಯುತ್ತೇನೆ. ಲ್ಯಾಬಿಗೆ ಕೆಲಸ ಬರುತ್ತಲೇ ಇದೆ. ಹರಿಹರದ ಆ ಬಡಾವಣೆಯ ನಲ್ಲಿಗಳಲ್ಲಿ ನೀರು ಬರುತ್ತಿದೆ.

ಆ ಟ್ಯಾಂಕನ್ನು ಇವರು ನೋಡಲಿಲ್ಲ.