ಹೆಸರು ಬರೆಸಿದ ಚೊಂಬು

ಚನ್ನಕ್ಕ ನಮ್ಮ ಹಿತ್ತಲ ಮನೆಗೆ ಬಾಡಿಗೆಗೆ ಬಂದದ್ದು ಎಪ್ಪತ್ತೆಂಟರಲ್ಲಿ. ಆಗ ಬ್ಯಾಟರಾಯನಪುರ ಇನ್ನೂ ಹಳ್ಳಿಯೇ. ಹೆಬ್ಬಾಳದ ಕಡೆ ಮುಖ ಮಾಡಿ ನಿಂತರೆ ದ್ರಾಕ್ಷಿ ಚಪ್ಪರಗಳೇ ಕಾಣುತ್ತಿದ್ದವು, ಅದರಲ್ಲಿ ಒಂದು ಚಪ್ಪರ ನಮ್ಮದು. ಈಕೆ ಗದಗದ ಕಡೆಯ ಹೆಣ್ಣು. ಹೆಬ್ಬಾಳದ ಕೃಷಿ ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಒಂಟಿ ಹೆಂಗಸಿಗೆ ಮನೆ ಯಾಕೆ ಕೊಡಬೇಕು ಎಂದು ನನ್ನ ಗಂಡ ಮುನಿಆಂಜಿನಪ್ಪ ಗೊಣಗಿದರು. ಗೊಣಗದೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ನಾನು ಕೇಳಿಸಿಕೊಳ್ಳದವಳ ಹಾಗೆ ಬೀಗದ ಕೈ ಕೊಟ್ಟುಬಿಟ್ಟೆ.

ಒಂದು ಟ್ರಂಕು, ಒಂದು ಸೀಮೆಎಣ್ಣೆ ಸ್ಟೌ, ಸುತ್ತಿದ ಚಾಪೆ. ಇಷ್ಟೇ ಅವಳ ಸಂಸಾರ. ಬಾಗಿಲಲ್ಲಿ ನಿಂತು ಆ ಒಂದೂವರೆ ಕೋಣೆಯನ್ನು ಅರಮನೆ ನೋಡುವ ಹಾಗೆ ನೋಡಿದಳು.

"ನಮ್ಮವ್ವ ಬರ್ತಾಳ್ರೀ ಗೋಪಾಲಮ್ಮಾರ. ಮನಿ ಒಂದು ಹದಕ್ಕ ಬರ್ಲಿ, ಕರ್ಕೊಂಡು ಬರ್ತೀನಿ" ಎಂದಳು.

ಆ ಅವ್ವನ ಕಥೆ ನನಗೆ ತಿಳಿದದ್ದು ಆಮೇಲೆ. ಹೆಸರು ಈರವ್ವ. ಚನ್ನಕ್ಕ ತೊಟ್ಟಿಲಲ್ಲಿದ್ದಾಗಲೇ ಗಂಡ ತೀರಿಕೊಂಡ. ಕೂಸನ್ನು ಕಟ್ಟಿಕೊಂಡು ಅಣ್ಣ ಕಾಡಪ್ಪನ ಮನೆ ಸೇರಿದವಳು ಅಲ್ಲಿಯ ಒಲೆಯ ಮುಂದೆ ಕೂತಳು, ಕೂತೇ ಇದ್ದಳು. ಅಣ್ಣನ ಮನೆಯವರು ಹೊಡೆಯಲಿಲ್ಲ, ಬಡಿಯಲಿಲ್ಲ, ಉಪವಾಸ ಕೆಡವಲಿಲ್ಲ. ಆದರೆ ಆ ಮನೆಯ ಗಂಗಾಳ, ಕೊಡ, ಬೋಗುಣಿ ಎಲ್ಲದರ ಮೇಲೂ ಅತ್ತಿಗೆ ರತ್ನಕ್ಕನ ಹೆಸರು. ತವರಿನಿಂದ ಬಂದ ಸಾಮಾನಂತೆ. ಈರವ್ವ ಅವುಗಳನ್ನು ಬೆಳಗಿ ಬೆಳಗಿ ಜೋಡಿಸಿಡುತ್ತಿದ್ದಳು.

ಮನೆ ಹದಕ್ಕೆ ತರುವ ಕೆಲಸವನ್ನು ಚನ್ನಕ್ಕ ಭಾನುವಾರಗಳಿಗೆ ಇಟ್ಟುಕೊಂಡಿದ್ದಳು. ಹೊಸದು ಕೊಳ್ಳುವ ತಾಕತ್ತು ಅವಳ ಸಂಬಳಕ್ಕಿರಲಿಲ್ಲ. ಯಲಹಂಕದ ವಾಯುಪಡೆಯ ಕ್ವಾರ್ಟರ್ಸಿನಲ್ಲಿ ಯಾರಿಗಾದರೂ ವರ್ಗವಾದರೆ ಸಾಮಾನನ್ನು ಸಿಕ್ಕಷ್ಟಕ್ಕೆ ಕೊಟ್ಟು ರೈಲು ಹತ್ತುತ್ತಾರೆ ಎಂದು ಯಾರೋ ಹೇಳಿದ್ದರು. ಇವಳು ಹೋಗಿ ಬಾಗಿಲು ತಟ್ಟುತ್ತಿದ್ದಳು. ಪಂಜಾಬಿನವರೊಬ್ಬರ ನವಾರದ ಮಂಚ ಬಂತು. ಬಂಗಾಳದವರ ಕುರ್ಚಿ ಬಂತು, ಅದಕ್ಕೆ ಒಂದು ಕೈ ಇರಲಿಲ್ಲ. ಯಲಹಂಕದ ಮಾರ್ಕೆಟ್ಟಿಗೆ ಸೊಪ್ಪು ಹಾಕಿ ಖಾಲಿ ಬರುವ ಎತ್ತಿನ ಗಾಡಿಯ ಮೇಲೆ ಮಂಚ, ಮಂಚದ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಚನ್ನಕ್ಕ ಕೂತು ಬಂದದ್ದನ್ನು ನೋಡಿ ನಮ್ಮ ಬೀದಿಯೇ ನಕ್ಕಿತು. ನಮ್ಮ ತೋಟದ ಒಡಕು ದ್ರಾಕ್ಷಿ ಪೆಟ್ಟಿಗೆಗಳನ್ನು ನಾನೇ ಕೊಟ್ಟೆ. ಒಂದರ ಮೇಲೊಂದು ಪೇರಿಸಿ, ಪೇಪರನ್ನು ತೋರಣದ ಹಾಗೆ ಕತ್ತರಿಸಿ ಅಂಟಿಸಿ, ಗೂಡು ಮಾಡಿಕೊಂಡಳು. ಅಡಿಗೆಮನೆಯಲ್ಲಿ ದ್ರಾಕ್ಷಿಯ ವಾಸನೆ ತಿಂಗಳುಗಟ್ಟಲೆ ಹೋಗಲಿಲ್ಲ.

ಪಾತ್ರೆಗಳೂ ಹಾಗೇ ಬಂದವು. ತಟ್ಟೆಯ ಮೇಲೆ ಕಮಲಾ ಸುಬ್ಬರಾವ್, ಲೋಟದ ಮೇಲೆ ಯಾರದೋ ಗೃಹಪ್ರವೇಶ, ಸೌಟಿನ ಹಿಡಿಯ ಮೇಲೆ ಇನ್ಯಾರದೋ ಮದುವೆ.

"ಏನಮ್ಮಾ ಇದು, ಊರೋರೆಲ್ಲ ನಿನ್ ಮನೇಲೇ ಅವ್ರಲ್ಲಾ! ನಿನ್ ಎಸರೆಲ್ಲಮ್ಮಾ?" ಎಂದು ರೇಗಿಸಿದೆ.

"ನಂದ್ಯಾಕ್ರೀ? ಅನ್ನ ಹಾಕ್ಕೊಂಡ್ರ ಹೆಸರು ಮುಚ್ಚಿ ಹೋಗತೈತಿ" ಎಂದು ನಕ್ಕಳು.

ಆದರೆ ಅವ್ವನ ವಿಷಯ ಬಂದಾಗ ಈ ನಗು ನಡೆಯುತ್ತಿರಲಿಲ್ಲ. ಒಂದು ದಿನ ಯಲಹಂಕದ ಪಾತ್ರೆ ಅಂಗಡಿಯಿಂದ ಹೊಚ್ಚ ಹೊಸ ಸ್ಟೀಲ್ ಚೊಂಬು, ಒಂದು ತಟ್ಟೆ, ಒಂದು ಕೊಡಪಾನ ತಂದಳು. ಮೂರರ ಮೇಲೂ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದಳು: ಈರವ್ವ. ಅವನ್ನು ಗೂಡಿನ ಮೇಲಿನ ಸಾಲಿನಲ್ಲಿ ಬೋರಲು ಹಾಕಿ ಬಟ್ಟೆ ಮುಚ್ಚಿದಳು. ತಾನು ಮಾತ್ರ ಕಮಲಾ ಸುಬ್ಬರಾವ್ ತಟ್ಟೆಯಲ್ಲೇ ಉಣ್ಣುತ್ತಿದ್ದಳು.

ಅವ್ವ ಬರಲಿಲ್ಲ. ದಸರೆ ಆಗಲಿ ಎಂದರು ಕಾಡಪ್ಪನ ಮನೆಯವರು. ದಸರೆ ಆಯಿತು, ಅತ್ತಿಗೆಗೆ ಮೊಣಕಾಲು ನೋವು ಎಂದರು. ಕಾಲು ನೆಟ್ಟಗಾದಾಗ ಸೊಸೆಯ ಬಾಣಂತನ. ಪ್ರತಿ ಸಲವೂ ಚನ್ನಕ್ಕ ಮಂಚದ ನವಾರ ಬಿಚ್ಚಿ ಒಗೆದು ಬಿಗಿದು ಕಟ್ಟುವಳು, ಪ್ರತಿ ಸಲವೂ ಅದು ಖಾಲಿ ಉಳಿಯುವುದು. ಅವಳು ಅದರ ಮೇಲೆ ಒಂದು ದಿನವೂ ಮಲಗಿದವಳಲ್ಲ, ಅದರ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದಳು. ಆಫೀಸಿನಿಂದ ಬಂದು ಬೀಗ ತೆಗೆಯುವ ಮುಂಚೆ ಒಂದು ಗಳಿಗೆ ಬಾಗಿಲ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಒಳಗಿಂದ ಯಾರಾದರೂ ತೆಗೆದಾರು ಎಂಬ ಹಾಗೆ. ನನಗೆ ಕಾಣದ ಆ ಕಾಡಪ್ಪನ ಮೇಲೆ ಸಿಟ್ಟು ಬರುತ್ತಿತ್ತು.

ಎಂಬತ್ತೆರಡರ ಸಂಕ್ರಾಂತಿ ಕಳೆದ ಮೇಲೆ ಈರವ್ವ ಬಂದೇ ಬಂದಳು. ಕಡ್ಡಿಯಂಥ ಹೆಂಗಸು, ಇಳಕಲ್ ಸೀರೆ, ಕೈಯಲ್ಲೊಂದು ಚೀಲ. ಚೀಲದಿಂದ ಎರಡು ಸೀರೆ ತೆಗೆದಳು, ಆಮೇಲೆ ಬಂಗಾರದ ಹಾಗೆ ಹೊಳೆಯುವ ಒಂದು ಹಿತ್ತಾಳೆ ತಂಬಿಗೆ ತೆಗೆದಳು.

"ಇದೊಂದ ನೋಡ್ರೀ ಆ ಮನ್ಯಾಗ ನಂದು. ನಾ ರಂಡಿಮುಂಡಿಯಾಗಿ ಬಂದ ದಿನ ಅತ್ತಕೋತ ಕುಂತಿದ್ದೆ. ನಮ್ಮಣ್ಣ ಇದನ್ನ ಕೈಯಾಗಿಟ್ಟು, 'ಅಳಬ್ಯಾಡ, ಇದರ ಮ್ಯಾಲ ನಿನ್ನ ಹೆಸರು ಹಾಕ್ಸೀನಿ' ಅಂದ. ಆವತ್ತಿಂದ ಇದರಾಗ ನೀರು ಕುಡದೀನಿ."

ಹೆಬ್ಬೆರಳಿನಿಂದ ಆ ಅಕ್ಷರಗಳನ್ನು ಸವರಿದಳು. ಈರವ್ವನಿಗೆ ಓದು ಬರುತ್ತಿರಲಿಲ್ಲ. ನಾನು ಏಳನೇ ಕ್ಲಾಸು ಮುಗಿಸಿದವಳು, ಬಗ್ಗಿ ನೋಡಿದೆ. ರತ್ನಕ್ಕ ಎಂದಿತ್ತು. ತಲೆಯೆತ್ತಿದರೆ ಚನ್ನಕ್ಕ ನನ್ನನ್ನೇ ನೋಡುತ್ತಿದ್ದಳು, ಬೇಡ ಎನ್ನುವ ಹಾಗೆ.

ಆ ದಿನಗಳಲ್ಲಿ ಚನ್ನಕ್ಕನ ನಡಿಗೆಯೇ ಬೇರೆಯಾಯಿತು. ಬೀದಿಯ ತುದಿಯಿಂದಲೇ "ಅವ್ವಾ" ಎಂದು ಕೂಗುತ್ತ ಬರುತ್ತಿದ್ದಳು. ಹಿತ್ತಲಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮುದ್ದೆಯ ಮನೆಯವರಾದ ನಮಗೂ ಬಿಸಿ ರೊಟ್ಟಿ ಬರುತ್ತಿತ್ತು, ನನ್ನ ಗಂಡ ಗೊಣಗದೆ ತಿನ್ನುತ್ತಿದ್ದರು.

ಒಂದು ಸಂಜೆ ಈರವ್ವ ಹಿತ್ತಲ ಕಲ್ಲಿನ ಮೇಲೆ ಕೂತು ಹುಣಿಸೆಹಣ್ಣು, ಬೂದಿ ಹಾಕಿ ತಂಬಿಗೆ ತಿಕ್ಕುತ್ತಿದ್ದಳು. ಪಕ್ಕದಲ್ಲಿ ತೊಳೆದ ಹೊಸ ಚೊಂಬು. ನಾನು ಬಟ್ಟೆ ಒಣಗಹಾಕುತ್ತಿದ್ದೆ. ಆಗ ತಾನೇ ಆಫೀಸಿನಿಂದ ಬಂದ ಚನ್ನಕ್ಕ ಕಾಲು ತೊಳೆಯುತ್ತಿದ್ದಳು. ಈರವ್ವ ಎರಡನ್ನೂ ಎತ್ತಿ ಅಕ್ಕಪಕ್ಕ ಹಿಡಿದಳು.

"ಚನ್ನೀ, ಇದೂ ನನ್ನ ಹೆಸರು, ಅದೂ ನನ್ನ ಹೆಸರು. ಒಂದರಂಗ ಒಂದು ಯಾಕಿಲ್ಲ?"

ಅಷ್ಟು ಆಸೆಪಟ್ಟು ಹೆಸರು ಕೊರೆಸಿದವಳಿಗೆ ಇದೊಂದು ಹೊಳೆದಿರಲಿಲ್ಲ. ಓದು ಬಾರದವರಿಗೂ ಕಣ್ಣಿರುತ್ತದೆ. ಕೆತ್ತಿದವರು ಬೇರೆ ಬೇರೆ ಎಂದು ಚನ್ನಕ್ಕ ಏನೋ ಹೇಳಹೊರಟಳು, ಈರವ್ವ ನಡುವೆಯೇ ತಡೆದಳು.

"ಖರೇ ಹೇಳು."

"ಅದು ಅತ್ತೀ ಹೆಸರವ್ವಾ."

"ನಿನಗ ಯಾವಾಗ ಗೊತ್ತಾತು?"

"ಸಾಲಿ ಕಲಿಯಾಕ ಹತ್ತಿದಾಗ. ನೀ ಅದನ್ನ ಅಷ್ಟು ಪ್ರೀತಿಲೆ ಬೆಳಗತಿದ್ದಿ... ಹೆಂಗ ಹೇಳ್ಲಿ?"

ಈರವ್ವ ತಂಬಿಗೆಯನ್ನು ತೊಳೆದಳು, ಸೆರಗಿನಿಂದ ಒರೆಸಿದಳು. ಅಳಲಿಲ್ಲ. "ಹಂಗಾರ ಇದು ಅವರ ಸಾಮಾನು. ಹೇಳದ ಕೇಳದ ತಂದೀನಿ. ಕೊಟ್ಟು ಬರಬೇಕು" ಎಂದಳು.

ಪಾರ್ಸೆಲ್ ಮಾಡೋಣ ಎಂದು ಮಗಳು ಗೋಗರೆದಳು. ಒಮ್ಮೆ ಆ ಹೊಸ್ತಿಲು ದಾಟಿದರೆ ಅವ್ವ ಮತ್ತೆ ಆ ಒಲೆಯ ಮುಂದೆ ಕೂರುತ್ತಾಳೆ, ಎದ್ದು ಬರಲು ಯಾರೂ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಮಂದೀ ಸಾಮಾನು ಕೈಯಾಗ ಕೊಡಬೇಕು, ಪಾರ್ಸೆಲ್ ಮಾಡೂದಲ್ಲ" ಎಂದಳು ತಾಯಿ. ಮಗಳೇ ಯಶವಂತಪುರಕ್ಕೆ ಕರೆದುಕೊಂಡು ಹೋಗಿ ರೈಲು ಹತ್ತಿಸಿ ಬಂದಳು.

ಆಮೇಲಿನದು ನೋಡಲಾಗುತ್ತಿರಲಿಲ್ಲ. ಶಿವರಾತ್ರಿ ಹೋಯಿತು, ಯುಗಾದಿ ಬಂತು. ಚನ್ನಕ್ಕ ದಿನಾ ಬೆಳಿಗ್ಗೆ ಅವ್ವನ ಕೊಡಪಾನಕ್ಕೆ ಹೊಸ ನೀರು ತುಂಬುವಳು. ಸಂಜೆ ಅದನ್ನು ನನ್ನ ಕನಕಾಂಬರದ ಗಿಡಕ್ಕೆ ಸುರಿಯುವಳು. ಬಾಗಿಲ ಮೇಲೆ ಕೈಯಿಟ್ಟು ನಿಲ್ಲುವುದು ಮತ್ತೆ ಶುರುವಾಯಿತು. "ನಾ ಹೆಸರು ಹಾಕಸಬಾರದಿತ್ರೀ ಗೋಪಾಲಮ್ಮಾರ. ಅವ್ವ ಇಲ್ಲೇ ಇರ್ತಿದ್ಲು" ಎಂದು ಒಂದು ದಿನ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನನಗೂ ಅಳು ಬಂತು.

ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದೆ. ಬಸ್ಸಿಳಿದು ಈರವ್ವ ನಡೆದು ಬರುತ್ತಿದ್ದಳು, ಅದೇ ಚೀಲ ಕೈಯಲ್ಲಿ. ಚನ್ನಕ್ಕ ಆಫೀಸಿಗೆ ಹೋಗಿದ್ದಳು. ನಾನು ನನ್ನಲ್ಲಿದ್ದ ಇನ್ನೊಂದು ಬೀಗದ ಕೈ ಕೊಡುತ್ತ, "ಕೊಟ್ಟ್ ಬಂದ್ರಾ?" ಎಂದೆ.

"ಕೊಟ್ಟೆ. 'ಒಂದು ತಂಬಗಿಗೆ ಇಷ್ಟು ದೂರ ಬಂದೇನು, ಇಟ್ಕೋ' ಅಂತ ನಕ್ಳು ನಮ್ಮತ್ತಿಗಿ. ಒಲಿ ಕಟ್ಟಿ ಮ್ಯಾಲ ಇಟ್ಟೆ. ಬಿಡವಲ್ರು, ಹಬ್ಬ ಮುಗಿಸಿ ಬಂದೆ." ಒಳಗೆ ಹೋದಳು. ಹೋದ ಹೆಜ್ಜೆಯಲ್ಲೇ ಹೊಸ ಚೊಂಬು ಹಿಡಿದುಕೊಂಡು ಹೊರಗೆ ಬಂದಳು.

"ಇದನ್ನ ಓದ್ರೀ."

"ಚನ್ನಕ್ಕ ಏಳಿಲ್ವಾ? ನಿಮ್ದೇ ಎಸರು ಕಣ್ರೀ."

"ಆಕಿ ಹೇಳ್ಯಾಳ. ನಮ್ಮಣ್ಣನೂ ಹೇಳಿದ್ದ. ನೀವು ಓದ್ರೀ."

ನಾನು ಕೈ ಒರೆಸಿಕೊಂಡು ಚೊಂಬು ತೆಗೆದುಕೊಂಡೆ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದಿದೆ. "ಈ... ರ... ವ್ವ."

"ಇನ್ನೊಮ್ಮೆ."

ಓದಿದೆ. ಈರವ್ವ ಜಗಲಿಯ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಷ್ಟು ವರ್ಷದ್ದನ್ನೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಎದ್ದು ಒಳಗೆ ಹೋಗಿ ಮಗಳು ಉಣ್ಣುವ ತಟ್ಟೆ ತಂದಳು.

"ಇದರ ಮ್ಯಾಲ ಏನೈತಿ?"

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಕಮಲಾ ಸುಬ್ಬರಾವ್" ಎಂದೆ.

ಈರವ್ವ ಆ ತಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಗೂಡಿನಲ್ಲಿದ್ದ ಲೋಟ, ಸೌಟು ಒಂದೊಂದನ್ನೇ ತಂದು ಓದಿಸಿದಳು. ಚನ್ನಕ್ಕನ ಹೆಸರು ಯಾವುದರ ಮೇಲೂ ಇರಲಿಲ್ಲ.

"ಆಕಿ ಎಷ್ಟೊತ್ತಿಗೆ ಬರ್ತಾಳ್ರೀ?"

"ಸಾಯಂಕಾಲ ಆಗ್ತದೆ."

ಈರವ್ವ ತಟ್ಟೆಯನ್ನು ಸೀರೆಯ ಸೆರಗಿನಲ್ಲಿ ಸುತ್ತಿ ಕಂಕುಳಿಗೆ ಸೇರಿಸಿದಳು. "ಹೆಸರು ಹಾಕೂ ಅಂಗಡಿ ತೋರಸ್ರೀ. ಆಕಿ ಬರೂದರೊಳಗ ಬರೂಣು. ಅಂಗಡ್ಯಾಂವ ಹೆಸರು ಬರದ ಮ್ಯಾಲ ನೀವು ಓದಿ ನೋಡಬೇಕು" ಎಂದಳು.

ನಾನು ಹುರುಳಿಯ ಮೊರವನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡೆ.