ಅಪ್ಪನ ಬಣ್ಣ

ಅಕ್ಕ ಅಪ್ಪನ ಬಣ್ಣ. ಅಪ್ಪನ ಮೂಗು, ಅಪ್ಪನ ನಗು ಕೂಡ ಅವಳಿಗೇ ಬಂದಿತ್ತು; ಅದರ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆ. ಗುಬ್ಬಿಯಿಂದ ಹೆಣ್ಣು ನೋಡಲು ಬಂದವರು ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಕೇಸರಿಬಾತು, ಉಪ್ಪಿಟ್ಟು ಬಾರಿಸಿ, "ಊರಿಗ್ ಹೋಗಿ ತಿಳಿಸ್ತೀವಿ" ಎಂದು ಹೋದವರು ಹೋದರಷ್ಟೇ. "ಕಪ್ಪಲ್ಲ, ಎಣ್ಣೆಗೆಂಪು" ಎಂದು ಅವ್ವ ಕಂಡವರಿಗೆಲ್ಲ ಹೇಳುತ್ತಿದ್ದಳು. ಅದು ಕಿವಿಗೆ ಬಿದ್ದಾಗಲೆಲ್ಲ ಅಪ್ಪ ಮೆಲ್ಲಗೆ ಎದ್ದು ಹೊರಗೆ ಹೋಗುತ್ತಿದ್ದರು.

ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಹಾಲಿನ ಕೆನೆ ಎಲ್ಲ ಆದಮೇಲೆ ಪಕ್ಕದ ಮನೆಯಾಕೆ ಒಂದು ಟ್ಯೂಬು ತಂದುಕೊಟ್ಟಳು. ಇಸುಬಿಗೆ ಹಚ್ಚುವ ಮುಲಾಮು. "ದಿನಾ ಹಚ್ಚವ್ವ, ಮುಖ ತಿಳಿಯಾಗ್ತದೆ" ಎಂದಳು. ತಿಳಿಯಾಯಿತು ಕೂಡ. ಅಕ್ಕ ಕನ್ನಡಿ ಬಿಟ್ಟು ಏಳುತ್ತಿರಲಿಲ್ಲ, ಪಾಪ.

ಆಮೇಲೆ ನೋಡಲು ಬಂದ ಕುಣಿಗಲ್ ಕಡೆಯ ಗಂಡಿನ ತಾಯಿ ಚಾಲಾಕಿ. ಪೌಡರಿಗೆ ಮೋಸ ಹೋಗುವವಳಲ್ಲ. "ಹೋಗವ್ವ, ಸೋಪ್ ಹಾಕಿ ಮುಖ ತೊಳ್ಕೊಂಡ್ ಬಾ" ಅಂದಳು. ಹಾಗೆ ಕೇಳುವುದು ಆಗ ಯಾರಿಗೂ ಅವಮಾನ ಅನ್ನಿಸುತ್ತಿರಲಿಲ್ಲ. ಅಕ್ಕ ಬಚ್ಚಲಿಗೆ ಹೋಗಿ ತೊಳೆದು ಬಂದಳು. ಟವೆಲಿಗೆ ಏನೂ ಅಂಟಿರಲಿಲ್ಲ. "ಹುಟ್ಟುಬಣ್ಣವೇ" ಎಂದು ಆಕೆ ಒಪ್ಪಿಬಿಟ್ಟಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತಿಳಿದವಳಿಗೂ ಟ್ಯೂಬಿನ ವಿಷಯ ತಿಳಿದಿರಲಿಲ್ಲ.

ಮದುವೆಗೆ ಅರಿಶಿನ ಹಚ್ಚುವಾಗ, ಮುಲಾಮಿಗೆ ಚರ್ಮ ಸವೆದು ತೆಳ್ಳಗಾಗಿದ್ದ ಕೆನ್ನೆ ಉರಿದು ಅಕ್ಕನ ಕಣ್ಣಲ್ಲಿ ನೀರು ಸುರಿಯಿತು. "ತವರು ಬಿಡೋ ಸಂಕಟ ಕಣೇ" ಎನ್ನುತ್ತ ಮುತ್ತೈದೆಯರು ಇನ್ನಷ್ಟು ಬಳಿದರು.

ಗಂಡನ ಮನೆಯಲ್ಲಿ ಟ್ಯೂಬು ಹಚ್ಚುವುದೆಲ್ಲಿ? ನಿಲ್ಲಿಸಿದ್ದೇ ತಡ ಮುಖ ಕೆಂಪಾಯಿತು, ಗುಳ್ಳೆ ಎದ್ದವು, ಆಮೇಲೆ ಕೆನ್ನೆ ತುಂಬ ಕಪ್ಪು ಬಂಗು. "ನಾವ್ ನೋಡಿದ್ ಹೆಣ್ಣೇ ಬೇರೆ" ಎಂದಳು ಅತ್ತೆ. ಚೊಚ್ಚಲ ಹೆರಿಗೆಗೆ ಕಳಿಸಿದವರು ಮಗು ನೋಡಲೂ ಬರಲಿಲ್ಲ.

ಹೆಣ್ಣುಮಗು. ಅದೇ ಬಣ್ಣ. ನೀರೆರೆಯಲು ಕೂತ ಅವ್ವ, "ಈಗ್ಲಿಂದ್ಲೇ ಉಜ್ಜಿದ್ರೆ ಸರಿಹೋಗ್ತದೆ" ಎಂದು ಕಡಲೆಹಿಟ್ಟಿಗೆ ಅರಿಶಿನ ಕಲಸತೊಡಗಿದಳು. ಅಕ್ಕ ಅವಳ ಕೈ ಹಿಡಿದಳು.

"ಬ್ಯಾಡ ಕಣವ್ವ. ಅಪ್ಪನ ಬಣ್ಣ ಅದು. ಇವಳಿಗಾದ್ರೂ ಉಳೀಲಿ ಬುಡು."

ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಬಂದರು. ಮಗುವನ್ನು ಎತ್ತಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಅಕ್ಕನ ಕೆನ್ನೆ ಸವರಿದರು. ಅಲ್ಲಿ ಗಾಳಿ ತಾಕಿದರೂ ಉರಿಯುತ್ತಿತ್ತು. ಅಕ್ಕ ಮುಖ ಸರಿಸಲಿಲ್ಲ.